ಪುಕ್ಕಟೆ ಖೋಲಿಯ ಚಹಾ

“ಫುಕಟ್ ಯಾರರ ಖೋಲಿ ಕೊಡ್ತಾರೇನೋ ಅಪ್ಪಾ? ಅದರ ಹಿಂದ ಏನರ ಭಾನಗಡಿ ಇರ್ತದ ನೋಡು.”

ಹೈದರಾಬಾದಿನ ಹೋಟೆಲಿನವರು ನನಗೆ ಒಂದು ರಾತ್ರಿ ಪುಕ್ಕಟೆಯಾಗಿ ಇರಲು ಖೋಲಿ ಕೊಡುತ್ತಾರಂತೆ ಎಂದು ಹೇಳಿದಾಗ ಅವ್ವ ಅಂದ ಮಾತು ಇದು. ನಿಲಂಗಾದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

ನಾನು ಉದಗೀರದ ಒಂದು ಬೇಳೆ ಗಿರಣಿಯಲ್ಲಿ ಕೆಲಸ ಮಾಡುತ್ತೇನೆ. ತೊಗರಿಬೇಳೆಯ ಮಾದರಿ ಪುಡಿಕೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೈದರಾಬಾದಿನ ಕಿರಾಣಿ ಪೇಟೆಗೆ ಹೋಗುವುದು, ಅಂಗಡಿಯವರ ಅಂಗೈಗೆ ಸುರಿದು ತೋರಿಸುವುದು, ಆರ್ಡರ್ ಹಿಡಿದು ಬರುವುದು. ಮೊದಲು ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಇಳಿಯುತ್ತಿದ್ದೆ. ಗಿರಣಿ ಸಾವಕಾರರ ಮಗ ವ್ಯವಹಾರ ನೋಡಿಕೊಳ್ಳಲು ಬಂದ ಮೇಲೆ ಪಕ್ಕಾ ಬಿಲ್ ಕೊಡುವ ಹೋಟೆಲಿನಲ್ಲೇ ಇಳಿಯಬೇಕೆಂದು ಹೇಳಿದ. ಹಾಗೆ ಆ ಹೋಟೆಲಿಗೆ ಹೋಗತೊಡಗಿದೆ. ಅದೇ ಹೆಸರಿನ ಹೋಟೆಲುಗಳು ಬೇರೆ ಊರುಗಳಲ್ಲೂ ಇವೆಯಂತೆ. ಕೌಂಟರಿನ ಹುಡುಗಿ ಮೊದಲ ದಿನವೇ ನನ್ನ ಮೊಬೈಲ್ ನಂಬರ್ ಕೇಳಿ ಏನೋ ಒತ್ತಿ, “ಅಂಕಲ್, ನಿಮ್ಮನ್ನು ಮೆಂಬರ್ ಮಾಡಿದೆ” ಎಂದು ಹಿಂದಿಯಲ್ಲಿ ಹೇಳಿದಳು. ನಾನು ತಲೆಯಾಡಿಸಿದೆ. ಶಾಲೆ ಕಲಿತದ್ದು ತಡವಾಗಿ, ಮೀಸೆ ಬಂದ ಮೇಲೆ ಹತ್ತನೆಯ ಪರೀಕ್ಷೆ ಬರೆದವನು ನಾನು. ಹೋಟೆಲಿನಿಂದ ಬರುವ ಇಂಗ್ಲಿಷ್ ಮೆಸೇಜುಗಳನ್ನು ಓದಲು ಹೊತ್ತು ಬೇಕಾಗುತ್ತಿತ್ತು, ಹಾಗಾಗಿ ಓದುತ್ತಿರಲಿಲ್ಲ. ಮುಂದೆ ಎಷ್ಟೋ ತಿಂಗಳ ಮೇಲೆ ಅದೇ ಹುಡುಗಿ, ಇಲ್ಲಿ ಇಳಿದಾಗಲೆಲ್ಲ ಜಮೆಯಾಗುವ ನಿಮ್ಮ ಪಾಯಿಂಟುಗಳು ಬಹಳ ಕೂಡಿವೆ, ಒಂದು ರಾತ್ರಿ ಪುಕ್ಕಟೆ ಸಿಗುತ್ತದೆ, ಮನೆಯವರನ್ನು ಕರೆದುಕೊಂಡು ಬನ್ನಿ ಅಂದಳು.

ನನಗೆ ಮೊದಲು ನೆನಪಾದದ್ದು ಅಕ್ಕ.

ಅಕ್ಕನನ್ನು ಹೈದರಾಬಾದಿಗೆ ಕೊಟ್ಟಿತ್ತು. ಭಾವ, ನಮ್ಮ ಮಾತಿನಲ್ಲಿ ದಾಜಿ, ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೆ ಮಕ್ಕಳಾಗಲಿಲ್ಲ. ನಮ್ಮ ಕಡೆ ಕೆಲವು ಮನೆಗಳಲ್ಲಿ ಒಂದು ಕಟ್ಟಳೆ ಇದೆ. ಮಗಳಿಗೆ ಕೂಸು ಹುಟ್ಟುವ ತನಕ ತಾಯಿ ತಂದೆ ಅವಳ ಮನೆಯಲ್ಲಿ ಉಣ್ಣುವುದಿಲ್ಲ, ರಾತ್ರಿ ವಸ್ತಿ ಇರುವುದಿಲ್ಲ. ನಮ್ಮ ಅವ್ವ ನೀರನ್ನೂ ಮುಟ್ಟುತ್ತಿರಲಿಲ್ಲ. ಕಡಕ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುಂಜೋಟಿಯ ತನ್ನ ತವರಿನಿಂದ ಬಂದ ಬೆಲ್ಲ ಹೊತ್ತುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದಳು. ಅಕ್ಕನ ಮನೆಯ ಬಾಗಿಲ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ತಾನೇ ತಂದ ಬಾಟಲಿಯ ನೀರು ಕುಡಿದು ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. ತಮ್ಮನಿಗೆ ಆ ಕಟ್ಟು ಇಲ್ಲ. ನಾನು ಪೇಟೆ ಮುಗಿಸಿ ಅಕ್ಕನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಬರುತ್ತಿದ್ದೆ. ಮನೆಗೆ ಬಂದ ಮೇಲೆ ಅವ್ವ ಕೇಳುತ್ತಿದ್ದಳು, “ಪುಂಡಿಪಲ್ಲೆ ಹ್ಯಾಂಗ ಮಾಡ್ತಾಳ? ಬೆಳ್ಳುಳ್ಳಿ ಒಗ್ಗರಣಿ ಕೊಡ್ತಾಳಿಲ್ಲೋ?” ಮಗಳ ಕೈರುಚಿ ಅವಳಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕಿತ್ತು.

ಅಕ್ಕ ಒಮ್ಮೊಮ್ಮೆ ಜಗಳ ತೆಗೆಯುತ್ತಿದ್ದಳು.

“ಊರ ಮಂದಿ ಎಲ್ಲಾ ನನ್ನ ಕೈಯಾಗಿಂದು ಉಂಡಾರ. ಹೆತ್ತಾಕಿ ನೀ ಒಂದ ಗುಟುಕ ನೀರ ಕುಡೀಲಿಲ್ಲ.”

“ಕೂಸ ಆಗ್ಲಿ. ಉಣ್ಣಲಾಕ ಕುಂತೆ ಅಂದ್ರ ಏಳೂದಿಲ್ಲ ನೋಡು, ನೀನೇ ಸಾಕ ಏಳ ಅನಬೇಕು” ಎಂದು ಅವ್ವ ನಗುತ್ತಿದ್ದಳು.

ಅವಳಿಗೆ ಅದು ಬರೀ ಪದ್ಧತಿಯಾಗಿರಲಿಲ್ಲ. ತಾನು ಆ ಮನೆಯಲ್ಲಿ ಉಂಡರೆ, ಇನ್ನು ಕೂಸು ಆಗುವುದಿಲ್ಲ ಎಂದು ತಾನೇ ಒಪ್ಪಿದ ಹಾಗೆ ಎಂದು ಅವಳ ಎಣಿಕೆ. ಅಕ್ಕನ ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ ಅವ್ವ ಬಾಟಲಿಯ ನೀರನ್ನೇ ಕುಡಿದಳು.

ಆಮೇಲೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಬಂತು. ಆಪರೇಷನ್ ಮಾಡಿ ಗರ್ಭಚೀಲ ತೆಗೆದರು. ಕೆಲವು ವಾರಕ್ಕೊಮ್ಮೆ ಸಲೈನ್ ಹಚ್ಚಿ ಔಷಧ ಬಿಡಬೇಕು ಅಂದರು. ಔಷಧದ ದಿನ ಅವಳಿಗೆ ಅನ್ನದ ವಾಸನೆ ಕೂಡ ಆಗುತ್ತಿರಲಿಲ್ಲ. ಅವ್ವ ದವಾಖಾನೆಯ ಬೆಂಚಿನ ಮೇಲೆ ಕೂತು, ಸಂಜೆ ಮಗಳನ್ನು ಆಟೋ ಹತ್ತಿಸಿ, ತಾನು ಬಸ್ ಸ್ಟ್ಯಾಂಡಿಗೆ ಬರುತ್ತಿದ್ದಳು. ಅಂಥ ಹೊತ್ತಿನಲ್ಲೇ ಹೋಟೆಲಿನ ಹುಡುಗಿ ಆ ಮಾತು ಹೇಳಿದ್ದು.

“ಅವ್ವಾ, ಅದು ಅಕ್ಕನ ಮನಿ ಅಲ್ಲ, ದಾಜಿ ಮನೀನೂ ಅಲ್ಲ. ಅಕ್ಕ ಅಲ್ಲಿಗೇ ಬರ್ತಾಳ. ಇಬ್ಬರೂ ಕೂಡಿ ಇರ್ರಿ” ಅಂದೆ.

ಅವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಅಳಿಯನ ಮಾತು ತೆಗೆದಳು. “ಜಾವಾಯಿ ರೊಕ್ಕಾ ಹತ್ತಿಲ್ಲ ಹೌದಿಲ್ಲೋ ಅದಕ್ಕ?”

“ಯಾರ ರೊಕ್ಕಾನೂ ಹತ್ತಿಲ್ಲ.”

ಅವಳಿಗೆ ನನ್ನ ಮಾತು ಸಾಲಲಿಲ್ಲ. ಮೊದಲ ಸಲ ಕರೆದುಕೊಂಡು ಹೋದಾಗ ಸೀದಾ ಕೌಂಟರಿಗೆ ಹೋಗಿ ತನಗೆ ಬರುವ ಅರೆಬರೆ ದಖನಿಯಲ್ಲಿ, ಈ ಮನೆ ಯಾರದಮ್ಮಾ ಎಂದು ಕೇಳಿದಳು. ಹುಡುಗಿ ನಕ್ಕು, ಇವತ್ತು ನಿಮ್ಮದೇ ಅಮ್ಮಾ ಅಂದಳು. ಅವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ತೊಗರಿಬೇಳೆಯ ಪುಡಿಕೆಯನ್ನು ಅವಳ ಕಂಪ್ಯೂಟರಿನ ಪಕ್ಕದಲ್ಲಿಟ್ಟಳು. ಖಾಲಿ ಕೈಯಲ್ಲಿ ಯಾರ ಮನೆಗೂ ಹೋಗಬಾರದಲ್ಲ.

ಅಕ್ಕ ದವಾಖಾನೆಯಿಂದ ನೇರ ಅಲ್ಲಿಗೆ ಬಂದಳು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ತಾಯಿ ಮಗಳು ಒಂದೇ ಹಾಸಿಗೆಯಲ್ಲಿ ಮಲಗಿದರು. ಮದುವೆಯಾದ ಮೇಲೆ ಅಕ್ಕನ ಊರಿನಲ್ಲಿ ಅವ್ವ ಸೂರ್ಯೋದಯ ನೋಡಿದ್ದು ಅದೇ ಮೊದಲು. ನಾನು ಗೋಡೆ ಪಕ್ಕ ಹೆಚ್ಚಿನ ಗಾದಿ ಹಾಸಿಕೊಂಡಿದ್ದೆ. ಬೆಳಿಗ್ಗೆ ಅವ್ವ ಚಹಾ ಕಪ್ಪಿನ ಬಸಿಯಲ್ಲಿ ನೀರು ಹಿಡಿದು, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದಳು. ಬಿಳಿ ಚಾದರದ ಮೇಲೆ ವಿಭೂತಿ ಬಿತ್ತೆಂದು ಹೆದರಿ ಅದೊಂದೇ ಮೂಲೆಯನ್ನು ಸಾಬೂನು ಹಚ್ಚಿ ತೊಳೆದಳು. ಅಕ್ಕ ಹಾಸಿಗೆಯಲ್ಲೇ ಉರುಳಿ ನಗುತ್ತಿದ್ದಳು.

“ಮೂಲಿ ಅಷ್ಟ ಯಾಕ? ಪೂರಾ ಚಾದರ ಒಗದು ಗಂಜಿ ಹಾಕಿಬಿಡು ಅವ್ವಾ. ಮುಂದಿನ ಸಲಾ ನಿನಗ ನೌಕರಿ ಕೊಡ್ತಾರ.”

ನಕ್ಕು ಮುಗಿದ ಮೇಲೆ ಅವಳ ಕಣ್ಣು ಮೇಜಿನ ಮೇಲೆ ಹೋಯಿತು. ಅಲ್ಲಿ ನೀರು ಕಾಯಿಸುವ ಕರೆಂಟಿನ ಕೆಟಲ್ ಇತ್ತು. ಪಕ್ಕದಲ್ಲಿ ಚಹಾಪುಡಿಯ ಸಣ್ಣ ಚೀಲಗಳು, ಸಕ್ಕರೆಯ, ಹಾಲಿನ ಪುಡಿಯ ಪಾಕೀಟುಗಳು. ಅಕ್ಕ ಎದ್ದಳು. ಗೋಡೆ ಹಿಡಿದುಕೊಂಡೇ ಹೋಗಿ ಕೆಟಲಿಗೆ ನೀರು ತುಂಬಿದಳು. ನಾನು ಎದ್ದರೆ, “ಕೂಡು ನೀ” ಎಂದು ಗದರಿದಳು. ಎರಡು ಕಪ್ ಚಹಾ ಮಾಡಿ ಒಂದನ್ನು ಅವ್ವನ ಮುಂದೆ ಹಿಡಿದಳು.

ಅವ್ವ ಕೈ ಚಾಚಲಿಲ್ಲ.

“ಒಲಿ ನಂದಲ್ಲ ಅವ್ವಾ. ಸಕ್ಕರಿ ನಂದಲ್ಲ, ನೀರು ನಂದಲ್ಲ. ಕೈ ಒಂದ ನಂದು. ಅದಕ್ಕೂ ಬ್ಯಾಡ ಅಂತೀಯೇನು?”

ಅವ್ವ ನನ್ನ ಮುಖ ನೋಡಿದಳು. ಕಪ್ಪು ತೆಗೆದುಕೊಂಡಳು. ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿದಳು. ಅಷ್ಟು ಸಣ್ಣ ಕಪ್ಪಿನ ಚಹಾ ಕುಡಿಯಲು ಅಷ್ಟು ಹೊತ್ತು ತೆಗೆದುಕೊಂಡವರನ್ನು ನಾನು ನೋಡಿಲ್ಲ. ಅಕ್ಕ ಎದುರಿಗೆ ಕೂತು ಬಾಯಿ ತೆರೆದು ನೋಡುತ್ತಿದ್ದಳು.

“ಹ್ಯಾಂಗ ಆಗ್ಯಾದ?”

“ಚಹಾ ಎಲ್ಲ್ಯದ? ಬಿಸಿ ನೀರ ಆಗ್ಯಾದ” ಅಂದಳು ಅವ್ವ. ಆಮೇಲೆ ಖಾಲಿ ಕಪ್ಪು ಮುಂದೆ ಮಾಡಿ, “ಇನ್ನೊಂದೀಟು ಹಾಕು” ಅಂದಳು.

ಅವತ್ತಿನಿಂದ ನಾನು ಆ ಪಾಯಿಂಟುಗಳ ಹಿಂದೆ ಬಿದ್ದೆ. ಹೋಟೆಲಿನ ಮೆಸೇಜುಗಳನ್ನು ಕೂತು ಒಂದೊಂದೇ ಅಕ್ಷರ ಹಿಡಿದು ಓದಿದೆ. ತಿಳಿಯದ್ದನ್ನು ಕೌಂಟರಿನ ಹುಡುಗಿಗೆ ಕೇಳಿದೆ. ಭಾನುವಾರ ರಾತ್ರಿ ಖೋಲಿಗಳು ಖಾಲಿ ಇರುವುದರಿಂದ ಕಡಿಮೆ ಪಾಯಿಂಟು ಹಿಡಿಯುತ್ತಾರೆ ಎಂದು ಅವಳೇ ಹೇಳಿಕೊಟ್ಟಳು. ಬಹಳ ಮೊದಲೇ ಹಿಡಿದಿಟ್ಟರೆ ಖೋಲಿ ಸಿಗುತ್ತದೆ, ಬೇಡವಾದರೆ ಹಿಂದಿನ ದಿನದೊಳಗೆ ರದ್ದು ಮಾಡಿದರೆ ಪಾಯಿಂಟು ಪೂರ್ತಿ ವಾಪಸು ಬರುತ್ತವೆ. ಪಾಯಿಂಟು ಕೊಟ್ಟು ಊಟ, ಚೀಲ, ಗಡಿಯಾರ ತೆಗೆದುಕೊಳ್ಳುವುದು ದಡ್ಡತನ, ರಾತ್ರಿಗೇ ಕೂಡಿಡಬೇಕು. ನನ್ನ ಹೆಸರಿನ ಖೋಲಿಗೆ ನಾನೇ ಬಂದು ಸಹಿ ಮಾಡಬೇಕು. ಗಿರಣಿಯ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೋದರೂ ಅದೇ ಹೆಸರಿನ ಹೋಟೆಲಿನಲ್ಲಿ ಇಳಿಯತೊಡಗಿದೆ. ಅಕ್ಕನ ಔಷಧದ ಪಾಳಿ ಸೋಮವಾರ ಬರುವಂತೆ ಭಾವ ಡಾಕ್ಟರರಿಗೆ ಕೇಳಿಕೊಂಡರು. ಹಿಂದಿನ ಭಾನುವಾರ ತಾಯಿ ಮಗಳು ಖೋಲಿಯಲ್ಲಿ, ಬೆಳಿಗ್ಗೆ ಅಲ್ಲಿಂದಲೇ ದವಾಖಾನೆಗೆ. ಔಷಧಕ್ಕೆ ಮುಂಚಿನ ದಿನವಾದ್ದರಿಂದ ಅಕ್ಕನಿಗೆ ಆಗ ಬಾಯಿರುಚಿಯೂ ಇರುತ್ತಿತ್ತು.

ಒಂದು ಸಲ ಅವ್ವ ಊರಿನಿಂದ ಹುರಿದ ರವೆ, ತುಪ್ಪ, ಬೆಲ್ಲ ತಂದಳು. ಮಗಳ ಮನೆಯ ಸಾಮಾನು ತಾಗದ ಅಡುಗೆ ಆಗಬೇಕಲ್ಲ. ಅಕ್ಕ ಕೆಟಲಿನಲ್ಲೇ ಸಜ್ಜಕ ತಿರುವಿದಳು. ತಳ ಹತ್ತಿ ಹೊಗೆ ಎದ್ದು, ಮೇಲಿನ ಬೆಂಕಿ ಎಚ್ಚರಿಕೆಯ ಗಂಟೆ ಕಿರುಚಿ, ಹೋಟೆಲಿನ ಹುಡುಗರು ಓಡಿ ಬಂದರು. ಅವ್ವ ಅವರ ಕೈಗೂ ಒಂದೊಂದು ತುತ್ತು ಇಟ್ಟಳು. ಕೌಂಟರಿನ ಹುಡುಗಿ ಬೇರೆ ಕೆಟಲ್ ಕಳಿಸಿ, ಇನ್ನು ಮೇಲೆ ನೀರು ಅಷ್ಟೇ ಅಮ್ಮಾ ಎಂದು ಕೈ ಮುಗಿದಳು. ಸುಟ್ಟ ಸಜ್ಜಕವನ್ನು ಅವ್ವ ಕೆರೆದು ಕೆರೆದು ತಿಂದಳು.

ಚಳಿಗಾಲ ಬರುವ ಹೊತ್ತಿಗೆ ಅಕ್ಕ ಬಹಳ ಇಳಿದುಹೋದಳು. ಒಂದು ಭಾನುವಾರ ಅವಳು ಮನೆಯಿಂದ ಒಂದು ಡಬ್ಬಿ ತಂದಿದ್ದಳು. ಜೋಳದ ರೊಟ್ಟಿ, ಎಣ್ಣೆ ಬದನೆಕಾಯಿ. ನಿಲ್ಲಲು ಆಗದೆ ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿದಿದ್ದಳಂತೆ. ಭಾವ ಆಟೋದವರೆಗೆ ಹಿಡಿದುಕೊಂಡು ಬಂದಿದ್ದರು.

“ಇಕಾ, ಉಣ್ಣವ್ವಾ.”

“ಇದು ನಿನ್ನ ಒಲಿ ಮ್ಯಾಗಿಂದು.”

“ಹೌದು. ಇನ್ನೇನ ಉಳದದ? ಡಾಕ್ಟರು ಚೀಲಾನೇ ತಗದಾರ. ಎಲ್ಲಿಂದ ಬರ್ತದ ಕೂಸು?”

“ದೇವರ ಮನಸಿನ್ಯಾಗಿಂದು ಡಾಕ್ಟರಿಗಿ ಏನ ಗೊತ್ತು?”

“ಅವ್ವಾ, ನಾ ಕೂಸಿನ ಸಲ್ಯಾಕ ಅಳಲತ್ತಿಲ್ಲ ಈಗ.”

ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಮೂಸಿದಳು. ಮತ್ತೆ ಮುಚ್ಚಿ ಮಗಳ ತೊಡೆಯ ಮೇಲಿಟ್ಟಳು. “ನೀ ಆರಾಮ ಆಗು. ನಿನ್ನ ಮನಿಗೇ ಬಂದು ಉಣ್ತೀನಿ. ಈ ಡಬ್ಬ್ಯಾಗಿಂದು ತಣ್ಣಂದು ಯಾಕ ಉಣ್ಣಲಿ?” ಅಂದಳು. ಹಾಗೆ ಹೇಳಿದರೆ ಮಗಳು ಹಟಕ್ಕಾದರೂ ಆರಾಮ ಆಗುತ್ತಾಳೆ ಎಂದುಕೊಂಡಿದ್ದಳೋ ಏನೋ. ಆ ಬದನೆಕಾಯಿಯನ್ನು ನಾನು ಉಂಡೆ. ಅಕ್ಕ ಕೆಟಲ್ ಹಚ್ಚಿ ಚಹಾ ಮಾಡಿಕೊಟ್ಟಳು. ಅವ್ವ ಅದನ್ನು ಮಾತ್ರ ಕುಡಿದಳು. ಅರ್ಧ ಚಹಾ ಬಸಿಯಲ್ಲೇ ಚೆಲ್ಲಿತ್ತು.

ಮುಂದಿನ ಪಾಳಿಗೂ ಭಾನುವಾರಕ್ಕೆ ಖೋಲಿ ಹಿಡಿದಿಟ್ಟಿದ್ದೆ. ಆ ವಾರದ ನಡುವೆಯೇ ಭಾವನ ಫೋನ್ ಬಂತು. ನಾನು ಗಿರಣಿಯಲ್ಲಿದ್ದೆ. ಯಂತ್ರದ ಸದ್ದಿನಲ್ಲಿ ಅವರ ಮಾತು ಕೇಳಲಿಲ್ಲ, ಅಳು ಕೇಳಿತು.

ಅಕ್ಕನನ್ನು ಅಲ್ಲಿಯೇ ಮಣ್ಣು ಮಾಡಿದೆವು. ತಿರುಗಿ ಮನೆಗೆ ಬಂದಾಗ ಅವ್ವ ಎಂದಿನಂತೆ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಬರುವಾಗ ನೀರಿನ ಬಾಟಲಿ ತರುವುದನ್ನು ಮರೆತಿದ್ದಳು. ನನ್ನ ಫೋನಿನಲ್ಲಿ ಹೋಟೆಲಿನ ಮೆಸೇಜು ಬಂದಿತ್ತು, ಭಾನುವಾರ ನಿಮ್ಮ ದಾರಿ ಕಾಯುತ್ತಿದ್ದೇವೆ ಎಂದು. ಓಣಿಯಲ್ಲೇ ನಿಂತು ರದ್ದು ಮಾಡಿದೆ. ಪಾಯಿಂಟುಗಳೆಲ್ಲ ವಾಪಸು ಬಂದವು ಎಂದು ತಕ್ಷಣ ಇನ್ನೊಂದು ಮೆಸೇಜು ಬಂತು.

ಭಾವ ಒಳಗಿನಿಂದ ಒಂದು ಚರಿಗೆ ನೀರು ತಂದರು. ಇಷ್ಟು ವರ್ಷ ಬೇಡ ಅನಿಸಿಕೊಂಡವರು. ಆದರೂ ತಂದರು.

“ಅತ್ತೀ, ಬೆಳಗಿನಿಂದ ಬಾಯಿಗಿ ನೀರಿಲ್ಲ ನಿಮಗ.”

ಅವ್ವ ಚರಿಗೆ ನೋಡಿದಳು. ಎರಡೂ ಕೈಯಿಂದ ತೆಗೆದುಕೊಂಡು ಗಟಗಟ ಕುಡಿದಳು. ನೀರು ಕೊರಳ ಮೇಲೆ ಇಳಿದು ಕುಪ್ಪಸ ತೊಯ್ದಿತು. ಭಾವ ಗೋಡೆಗೆ ತಲೆ ಹಚ್ಚಿ ಅಳತೊಡಗಿದರು.

ಅವ್ವ ಎದ್ದು ಒಳಗೆ ಹೋದಳು. ಅಡುಗೆಮನೆಯನ್ನು ಅವಳು ಅವತ್ತೇ ನೋಡಿದ್ದು. ಒಂದೊಂದು ಡಬ್ಬಿ ತೆಗೆದು ಮುಚ್ಚಿದಳು. ನಮ್ಮ ಗಿರಣಿಯ ಬೇಳೆ ಇತ್ತು, ಅವಳೇ ಕಳಿಸಿದ ಶೇಂಗಾ ಹಿಂಡಿ ಇತ್ತು. ಮೇಲಿನ ಹಲಗೆಯ ಮೇಲೆ ಒಂದು ಭರಣಿ, ಬಾಯಿಗೆ ಬಟ್ಟೆ ಕಟ್ಟಿತ್ತು.

“ಇದು?”

“ಮಾವಿನಕಾಯಿ ಉಪ್ಪಿನಕಾಯಿ ಅತ್ತೀ. ಬ್ಯಾಸಗಿದಾಗ ಆಕೀನೇ ಹಾಕ್ಯಾಳ.”

ಆ ದಿನ ಆ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯವರು ರೊಟ್ಟಿ ಕಳಿಸಿದ್ದರು. ಅವ್ವ ನೆಲದ ಮೇಲೆ ಕೂತು ಒಂದು ರೊಟ್ಟಿ ತೆಗೆದುಕೊಂಡಳು, ಭರಣಿಯಿಂದ ಒಂದು ಹೋಳು ಹಾಕಿಕೊಂಡಳು. ಬಾಯಿಗಿಟ್ಟು ಅಗಿದಳು. ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

“ಉಪ್ಪ ಹೆಚ್ಚ ಹಾಕ್ಯಾಳ.”

“ನಾನೂ ಹೇಳ್ತಿದ್ದೆ ಅತ್ತೀ. ಕೇಳ್ತಿರಲಿಲ್ಲ ಆಕಿ” ಅಂದರು ಭಾವ.

“ಮೆಂತ್ಯಾ ಛಲೋ ಹುರದಾಳ,” ಅವ್ವ ಬೆರಳು ನೆಕ್ಕಿದಳು. “ಹೋಳ ನನ್ನಂಗೇ ಹೆಚ್ಚ್ಯಾಳ ನೋಡು. ಯಾರ ಹೇಳಿ ಕೊಟ್ರೋ ಏನೋ.”

ಕಣ್ಣೀರು ತಾಟಿಗೆ ಬೀಳುತ್ತಿತ್ತು, ಅವ್ವ ಒರೆಸಿಕೊಳ್ಳಲಿಲ್ಲ. ಆ ರೊಟ್ಟಿ ಮುಗಿದ ಮೇಲೆ ತಾಟನ್ನು ನನ್ನ ಕಡೆ ಸರಿಸಿದಳು.

“ಇನ್ನೊಂದು ಹಾಕು” ಅಂದಳು.