ಬರಿ ಕುಂಡಕ್ಕೆ ನೀರು

ಜೆಪ್ಪುವಿನ ನಮ್ಮ ಮನೆಯಲ್ಲಿ ಅಕ್ಕ ಮತ್ತು ನಾನು ಇಬ್ಬರೇ. ಅಕ್ಕ ಒಂದು ಬಂಗಲೆಗೆ ಹೊಲಿಗೆಗೆ ಹೋಗುತ್ತಿದ್ದಳು. ನಾನು ಮೂರನೆಯ ಕ್ಲಾಸಿನವರೆಗೆ ಶಾಲೆ ಕಂಡದ್ದು ಅವಳ ಸೂಜಿಯಿಂದ.

ಬಂಗಲೆಯ ದೊರೆಸಾನಿ ಊರು ಬಿಟ್ಟು ಹೋಗುವಾಗ ಅವಳಿಗೆ ಬಿಗೋನಿಯಾ ಎಂಬ ಹೂಗಿಡದ ಒಂದು ಎಲೆ ಕೊಟ್ಟಳು. ಗಿಡವಲ್ಲ, ಎಲೆ. ಅಕ್ಕ ಅದರ ನರಗಳನ್ನು ಕತ್ತರಿಯ ತುದಿಯಿಂದ ಅಲ್ಲಲ್ಲಿ ಸೀಳಿ, ಒದ್ದೆ ಹೊಯಿಗೆ ಮರಳಿನ ಮೇಲೆ ಮಲಗಿಸಿ, ನಿಂಬೆಮುಳ್ಳು ಚುಚ್ಚಿ ಅಲುಗದಂತೆ ಮಾಡಿದಳು.

“ಇದೆಂತ ಅಕ್ಕ, ಹಪ್ಪಳ ಒಣಗಿಸಲಿಕ್ಕೆ ಇಟ್ಟದ್ದಾ?” ಎಂದು ನಾನು ನಕ್ಕೆ.

“ನಗು ಮಾರಾಯ್ತಿ, ನಗು. ಹೂ ಬಿಟ್ಟಾಗ ನಿನಗೆ ಮುಡಿಯಲಿಕ್ಕೆ ಕೊಡುವುದಿಲ್ಲ.”

ಸೀಳಿದ ಕಡೆಗಳಲ್ಲಿ ಮರಿಗಿಡ ಹುಟ್ಟಿತು. ಉಳಿದದ್ದು ಒಂದೇ. ಕುಂಡದ ಅಡಿಗೆ ಹಂಚಿನ ಚೂರು ಹಾಕಿ ಅದನ್ನು ನೆಟ್ಟಳು. ಮಳೆಗಾಲಕ್ಕೆಂದು ಪಡುವಣ ಗೋಡೆಗೆ ಕಟ್ಟಿದ್ದ ತೆಂಗಿನ ಮಡಲಿನ ತಟ್ಟಿಯ ನೆರಳಲ್ಲಿ ಇಟ್ಟಳು. ಮೊದಲ ಮೊಗ್ಗು ಕಾಣುವ ಹೊತ್ತಿಗೆ ಅವಳ ಕೆಮ್ಮಿನಲ್ಲಿ ರಕ್ತ ಬಂತು. ಆಸ್ಪತ್ರೆಗೆ ಹೊರಡುವಾಗ ಹೇಳಿದ್ದು ಇಷ್ಟೇ: “ಮಳೆ ಬಿಟ್ಟರೂ ಆ ತಟ್ಟಿ ತೆಗೆಯಬೇಡ. ಅದಕ್ಕೆ ಬಿಸಿಲು ಆಗುವುದಿಲ್ಲ.”

ಮಳೆ ಬಿಟ್ಟಿತು. ಕಟ್ಟಿಗೆ ಒದ್ದೆ, ಒಲೆ ಊದಿ ಊದಿ ಕಣ್ಣು ಉರಿಯುತ್ತಿತ್ತು. ಒಣಗಿದ ಮಡಲು ಕೈಗೆಟಕುವಲ್ಲೇ ಇತ್ತು. ಮೊದಲು ಒಂದು ಮೂಲೆ ಕಿತ್ತೆ. ವಾರದೊಳಗೆ ಇಡೀ ತಟ್ಟಿ ಸ್ನಾನದ ಹಂಡೆಯ ಅಡಿಗೆ ಹೋಯಿತು. ಗಿಡದ ನೆನಪಾಗಲಿಲ್ಲ ಎಂದರೆ ಸುಳ್ಳು. ನಾಳೆ ಬೇರೆ ಕಡೆ ಇಡುತ್ತೇನೆ ಎಂದುಕೊಂಡೆ.

ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಸುಟ್ಟ ಕಾಗದದಂತಾದವು, ಮೊಗ್ಗು ಉದುರಿತು. ಅಡಿಯಲ್ಲಿ ಎರಡು ಎಲೆ ಮಾತ್ರ ಹಸಿರಿದ್ದವು. ಒಂದು ಎಲೆ ಸಾಕೆಂದು ನನಗೆ ಗೊತ್ತಿತ್ತು; ಕಣ್ಣಾರೆ ಕಂಡಿದ್ದೆ. ಆದರೆ ಅಕ್ಕ ನಾಳೆ ಬರುತ್ತಾಳೆಂದು ಸುದ್ದಿ ಬಂದಿತ್ತು. ಆ ಗಿಡವನ್ನು ಅವಳು ನೋಡಬಾರದು ಎನ್ನುವುದೊಂದೇ ತಲೆಯಲ್ಲಿತ್ತು. ಬೇರು ಸಮೇತ ಕಿತ್ತು ಒಲೆಗೆ ಹಾಕಿದೆ.

ಅಕ್ಕ ಬಂದವಳು ಮೊದಲು ನೋಡಿದ್ದು ಕುಂಡವನ್ನು.

“ದನ ತಿಂದಿತು ಅಕ್ಕ,” ಎಂದೆ.

“ದನ ತಟ್ಟಿಯನ್ನೂ ತಿಂದಿತಾ?”

ನಾನು ಅವಳ ಗಂಟನ್ನು ಒಳಗೆ ತಂದಿಟ್ಟೆ. ಅವಳು ಸ್ವಲ್ಪ ಹೊತ್ತು ಕೆಮ್ಮಿ, “ಬೇರು ಉಂಟಲ್ಲ?” ಎಂದಳು.

“ಉಂಟು.”

“ಹಾಗಾದರೆ ಚಿಗುರ್ತದೆ. ನೆರಳಿನಲ್ಲಿಡು. ದಿನಾ ಸ್ವಲ್ಪ ನೀರು ಹಾಕು.”

ಕುಂಡವನ್ನು ಅವಳ ಮಂಚದಿಂದ ಕಾಣುವಂತೆ ಜಗಲಿಯ ಮೂಲೆಯಲ್ಲಿಟ್ಟೆ. ದಿನಾ ನೀರು ಹಾಕಿದೆ. ಅವಳು ತಲೆ ಎತ್ತಿ ನೋಡುತ್ತಿದ್ದಳು. ನಿಜ ಹೇಳಬೇಕೆಂದು ಎಷ್ಟೋ ಸಲ ಚೆಂಬು ಹಿಡಿದು ನಿಂತೆ. ನೀರು ಹಾಕಿ ಒಳಗೆ ಬಂದೆ.

ಕೊನೆಗೆ ತಲೆ ಎತ್ತುವ ಶಕ್ತಿ ಹೋಯಿತು. “ಎಂತಾದರೂ ಕಾಣ್ತದಾ?” ಎಂದು ಕೇಳಿದಳು.

“ಮಣ್ಣು ಸ್ವಲ್ಪ ಬಿರಿದ ಹಾಗೆ ಉಂಟು,” ಎಂದೆ.

“ಮುಟ್ಟಬೇಡ,” ಎಂದಳು.

ಮರುದಿನ ಅವಳ ಮಾತು ನಿಂತಿತು, ಸಂಜೆಗೆ ಉಸಿರೂ. ಆ ಬೆಳಿಗ್ಗೆಯೂ ನಾನು ನೀರು ಹಾಕಿದ್ದೆ.