ತಾನಾಗಿ ಮೂಡುವ ಅಕ್ಷರ

ಹಾರೂಗೇರಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಹೆಣ್ಣುಮಗಳೊಬ್ಬಳಿದ್ದಳು. ಕೆಲಸಕ್ಕೆ ಕೂಡುವ ಮುಂಚೆ ಬಳೆ ತೆಗೆದು ಮಾನಿಟರಿನ ಪಕ್ಕ ಇಡುತ್ತಿದ್ದಳು. ಯಾರು ಅವಸರ ಮಾಡಿದರೂ "ಗಡಬಡಿ ಬ್ಯಾಡ್ರಿ, ಆಗತೈತಿ" ಎನ್ನುತ್ತಿದ್ದಳು.

ನನ್ನ ಅಕ್ಕನ ಮೊದಲ ಪುಣ್ಯತಿಥಿಗೆ ಒಂದು ವಿಡಿಯೋ ಬೇಕಿತ್ತು. ಫೋಟೋಗಳ ಕೆಳಗೆ ನಾನು ಬರೆದ ನಾಲ್ಕು ಸಾಲು ಟೈಪಾಗುತ್ತ ಮೂಡಬೇಕು. ಅವಳು ಮಾಡಿ ತೋರಿಸಿದಳು. ಬೆರಳಿಲ್ಲದೆ ಅಕ್ಷರ ಬೀಳುವುದು ಹೇಗೆಂದು ನನಗೆ ತಿಳಿಯಲೇ ಇಲ್ಲ. ನಾನು ಮೂವತ್ತು ವರ್ಷ ಟೈಪಿಂಗ್ ಕಲಿಸಿದವನು.

"ಹಿಂಗ ಯಾರೂ ಟೈಪ್ ಮಾಡೂದಿಲ್ಲವ್ವಾ."

"ಹಂಗಾರ ನೀವ ಬಡೀರಿ ಸರ. ನಿಮ್ಮ ಬೆರಳಿನ ಸಪ್ಪಳಕ್ಕ ಸರಿಯಾಗಿ ಅಕ್ಷರ ಕೂಡಸ್ತೀನಿ," ಎಂದು ಮೇಜಿನ ಮೇಲೆ ಮೈಕು ಇಟ್ಟಳು.

ಸಾಲು ಓದುತ್ತ ಮೇಜಿನ ಮೇಲೆ ಬಡಿದೆ. ನಡುವೆ ಬೆರಳು ನಿಲ್ಲಬಾರದು ಎಂಬುದು ನಾನು ಕಲಿಸುತ್ತಿದ್ದ ಮೊದಲ ಪಾಠ. ಅಕ್ಕನ ಹೆಸರಿಗೆ ಬಂದಾಗ ನನ್ನ ಬೆರಳೇ ನಿಂತವು.

"ಅದು ತಪ್ಪಾತು. ಆ ಖಾಲಿ ಜಾಗ ಕತ್ತರಸವ್ವಾ."

"ಹೂನ್ರಿ," ಎಂದಳು.

ಪುಣ್ಯತಿಥಿಯ ದಿನ ಎಲ್ಲರೂ ವಿಡಿಯೋ ನೋಡುತ್ತಿದ್ದಾಗ, ಅಕ್ಕನ ಹೆಸರಿಗೆ ಮುಂಚೆ ಅಕ್ಷರ ನಿಂತುಬಿಟ್ಟವು. "ಹ್ಯಾಂಗ್ ಆತೇನ್ಲೇ?" ಎಂದು ಯಾರೋ ಕೂಗಿದರು. ಅಕ್ಕನ ಮಗಳು ನನ್ನ ಕೈ ಹಿಡಿದಳು. ಆಮೇಲೆ ಹೆಸರು ಬಂತು.

ಮರುದಿನ ಬೈಯಲೆಂದೇ ಹಾರೂಗೇರಿಗೆ ಹೋದೆ. ಕತ್ತರಿಸುವುದನ್ನು ಮರೆತಳೋ, ಬೇಕೆಂದೇ ಬಿಟ್ಟಳೋ ಕೇಳಬೇಕಿತ್ತು. ಅವಳು ಮುಖವೆತ್ತಿ ನೋಡಿದಳು. "ಛಲೋ ಆಗೇತವ್ವಾ" ಎಂದುಬಿಟ್ಟೆ. ಹಾಗೆ ಯಾಕೆ ಅಂದೆನೆಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಊರು ಬಂದರೂ ತಿಳಿಯಲಿಲ್ಲ.