ಶ್ರೀ ಬರೆದ ಚೀಟಿಗಳು

ಕೊಟ್ಟೂರಿನ ನಮ್ಮ ಮನೆಯಲ್ಲಿ ಅಪ್ಪನ ಆಸ್ತಿಯೆಂದರೆ ಏಳು ಬಿಸ್ಕತ್ತಿನ ಡಬ್ಬಿಗಳು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಅಪ್ಪ ಎಪ್ಪತ್ತರ ದಶಕದುದ್ದಕ್ಕೂ ಅವುಗಳಲ್ಲಿ ಚೀಟಿ ತುಂಬಿದರು. ಒಂದು ಚೀಟಿಗೆ ಒಂದು ಧಾತು, ಅಂದರೆ ಶಬ್ದದ ಬೇರು. ಅದರ ಕೆಳಗೆ ಆ ಬೇರಿನಿಂದ ಹುಟ್ಟಿ ನಮ್ಮ ಸೀಮೆಯವರ ಬಾಯಲ್ಲಿ ಇನ್ನೂ ಬದುಕಿರುವ ಮಾತುಗಳು. ಅದನ್ನೆಲ್ಲ ಪುಸ್ತಕ ಮಾಡಬೇಕೆಂಬುದು ಅವರಿಗಿದ್ದ ಒಂದೇ ಹಂಬಲ.

‘ವಸ್’ ಎಂದರೆ ನೆಲೆಸು, ತಂಗು. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಗ್ಗೆ ಹೊರಡುವ ವಸ್ತಿ ಬಸ್ಸಿಗೂ ಏಕಾದಶಿಯ ಉಪವಾಸಕ್ಕೂ ಅದೇ ಬೇರು. ಬಸ್ಸು ಊರಲ್ಲಿ ತಂಗುತ್ತದೆ, ಉಪವಾಸದವರು ದೇವರ ಹತ್ತಿರ ತಂಗುತ್ತಾರೆ. ಇದು ಹೊಳೆದ ದಿನ ಅಪ್ಪ ಚಿಗಟೇರಿ ವಸ್ತಿ ಬಸ್ಸಿನ ಕಂಡಕ್ಟರನನ್ನು ಮನೆಗೆ ಕರೆತಂದು ಚಹಾ ಕುಡಿಸಿದರು. ಯಾಕೆಂದು ಆತನಿಗೆ ಕೊನೆಗೂ ತಿಳಿಯಲಿಲ್ಲ. ಕುರಿ ಕಾಯುವವರು, ಗಾಡಿ ಮಾಡುವ ಬಡಿಗ, ಬಾಗಳಿಯ ಸೂಲಗಿತ್ತಿ ಇವರ ಮುಂದೆ ಅಪ್ಪ ಗಂಟೆಗಟ್ಟಲೆ ಕೂರುತ್ತಿದ್ದರು. ಸಂಸ್ಕೃತ ಕೇಳಲು ಸೂಲಗಿತ್ತಿಯ ಹತ್ತಿರ ಹೋಗುವ ಮೇಷ್ಟ್ರು ಎಂದು ಊರು ನಗುತ್ತಿತ್ತು. ನನಗೂ ನಗು ಬರುತ್ತಿತ್ತು.

ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಬರೆಯುವ ಕೆಲಸ ಮಗಳಾದ ನನ್ನದಾಯಿತು. ಹಳೆಯ ಚೀಟಿಗಳನ್ನೆಲ್ಲ ನಕಲು ಮಾಡಿ, ಮಾಸಿದ ಆ ಮೂಲಗಳನ್ನು ಬಚ್ಚಲ ಒಲೆಗೆ ಹಾಕಿದೆ. ನನ್ನ ಅಕ್ಷರದ ಬಗ್ಗೆ ನನಗೆ ಜಂಬ. ಪ್ರತಿ ಚೀಟಿಯ ನೆತ್ತಿಗೂ ಬಾಲ ಸುತ್ತಿದ ಒಂದು ‘ಶ್ರೀ’ ಬರೆದೆ. ಅಪ್ಪ ಹೇಳಿರಲಿಲ್ಲ.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಅತ್ತೆ, ಅಪ್ಪನ ಅಕ್ಕ. ಓದು ಬಾರದ ಅವಳು ಲಗ್ನಪತ್ರಿಕೆಗಳನ್ನು ನೋಡಿ ನೋಡಿ ಗುರುತು ಹಿಡಿಯುತ್ತಿದ್ದ ಅಕ್ಷರ ಶ್ರೀ ಒಂದೇ. ಶ್ರೀ ಇರುವ ಕಾಗದ ಅವಳ ಕೈಯಲ್ಲಿ ಕಸಕ್ಕೂ ಹೋಗುತ್ತಿರಲಿಲ್ಲ, ಒಲೆಗೂ ಹೋಗುತ್ತಿರಲಿಲ್ಲ. ಹಳೆಯ ಪಂಚಾಂಗ, ಹರಿದ ದೇವರ ಪಟ ಎಲ್ಲ ಒಂದು ಚೀಲದಲ್ಲಿ ಕೂಡಿಟ್ಟು, ವರ್ಷಕ್ಕೊಮ್ಮೆ ಹಡಗಲಿ ಕಡೆ ಹೋಗಿ ತುಂಗಭದ್ರೆಗೆ ಬಿಟ್ಟು ಬರುತ್ತಿದ್ದಳು.

ಒಂದು ದೀಪಾವಳಿಗೆ ಮುಂಚೆ ಅಪ್ಪನನ್ನು ಕಣ್ಣಿನ ಆಪರೇಷನ್ನಿಗೆ ದಾವಣಗೆರೆಗೆ ಕರೆದೊಯ್ದೆ. ಹತ್ತು ದಿನ ಬಿಟ್ಟು ಬಂದಾಗ ಮನೆಗೆ ಹೊಸ ಸುಣ್ಣ ಬಳಿದಿತ್ತು. ಅಪ್ಪ ಚಪ್ಪಲಿ ಬಿಡುತ್ತಲೇ, “ಒಂದು ಡಬ್ಬಿ ತಗೊಂಡು ಬಾರವ್ವ, ನಿನ್ನ ಅಕ್ಷರ ನೋಡೋಣ” ಎಂದರು. ಅದುವರೆಗೆ ಅವರು ಅದನ್ನು ಸರಿಯಾಗಿ ಕಂಡೇ ಇರಲಿಲ್ಲ.

ಡಬ್ಬಿ ತೆರೆದೆ. ಒಳಗೆ ಶೇಂಗಾ. ಎರಡನೆಯದರಲ್ಲೂ ಶೇಂಗಾ.

“ಮುಚ್ಚಳ ಸಡ್ಲಾಗಿ ಇಲಿ ಚೀಟಿ ಕಡದಿದ್ವು ತಮ್ಮಾ,” ಎಂದಳು ಅತ್ತೆ ಸಂಭ್ರಮದಿಂದಲೇ. “ಸುಣ್ಣ ಹೊಡಿಯೋರು ಡಬ್ಬಿ ಕೆಡವಿ ಕಾಲಾಗ ತುಳೀತಿದ್ರು. ಎಲ್ಲಾದ್ರ ಮ್ಯಾಲೂ ಶ್ರೀ ಐತಿ, ಹಂಗ ಅಟ್ಟಕ್ಕ ಒಗಿಯಾಕ ಆಗತೈತೇನು? ಹೊಳಿಗೆ ಬಿಟ್ಟು ಕೈ ಮುಗುದು ಬಂದೀನಿ.”

“ಒಂದೂ ಉಳಿದಿಲ್ಲೇನಕ್ಕ?”

“ಒಂದೂ ಉಳಿಸಿಲ್ಲ ನೋಡು!”

ಅಪ್ಪ ಡಬ್ಬಿಯ ಮುಚ್ಚಳ ಹಾಕಿದರು. ಅವಳಿಗೆ ನಿಜ ಹೇಳಬಾರದೆಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಅವಳ ಮೇಲೆ ವರ್ಷಗಟ್ಟಲೆ ಸಿಟ್ಟು ಸಾಧಿಸಿದೆ. ಅವಳು ತೀರಿಕೊಂಡ ಮೇಲೆ ಆ ಸಿಟ್ಟು ನನ್ನ ಮೇಲೇ ತಿರುಗಿತು, ಇನ್ನೂ ಇಳಿದಿಲ್ಲ. ಆ ಶ್ರೀ ಇಲ್ಲದಿದ್ದರೆ ಅವಳು ಹೆಚ್ಚೆಂದರೆ ಅಟ್ಟದ ಮೇಲೆ ಎಸೆಯುತ್ತಿದ್ದಳು.

ಕೆಲವು ದಿನ ಕಳೆದು ಧೈರ್ಯ ಮಾಡಿ ಹೇಳಿದೆ: “ಧಾತು ಎಲ್ಲಾ ನಿಮಗ ಬಾಯಿಪಾಠ ಐತಲ್ಲಪ್ಪಾ, ಮತ್ತ ಬರಿಯೋಣ.”

“ಧಾತು ಪುಸ್ತಕದಾಗ ಅದಾವವ್ವ. ಮಾತು ಹೇಳಿದ ಮಂದಿ ಎಲ್ಲಿ ಅದಾರ?”

ನಿಜ. ಬಡಿಗ ಸತ್ತಿದ್ದ. ಸೂಲಗಿತ್ತಿ ಸತ್ತಿದ್ದಳು. ಆದರೂ ನನ್ನ ಒತ್ತಾಯಕ್ಕೆ ಅಪ್ಪ ಹೊಸ ಕನ್ನಡಕ ಹಾಕಿಕೊಂಡು ಎದುರಿಗೆ ಕೂತರು. ನಾನು ಖಾಲಿ ಚೀಟಿಯ ಮೇಲೆ ಪೆನ್ನು ಊರಿದೆ.

“ಈ ಸಲ ಮ್ಯಾಲೆ ಶ್ರೀ ಬರಿಬ್ಯಾಡವ್ವ,” ಎಂದರು ಮೆತ್ತಗೆ.

ಅಂದರೆ ತಪ್ಪು ಯಾರದೆಂದು ಅವರಿಗೆ ಮೊದಲಿಂದಲೂ ಗೊತ್ತಿತ್ತು. ಮೊದಲ ಧಾತು ‘ಭೂ’, ಎಂದರೆ ಇರುವುದು. ಬರೆದೆ. ಅದರ ಕೆಳಗೆ ಬಾಗಳಿಯ ಸೂಲಗಿತ್ತಿ ಹೇಳಿದ ಮಾತು ಬರಬೇಕಿತ್ತು. ಅದು ಅಪ್ಪನ ನೆನಪಿಗೆ ಬರಲಿಲ್ಲ. ಆಮೇಲೆ ಕನ್ನಡಕ ತೆಗೆದು ಗೋಡೆಯ ಗೂಡಿನಲ್ಲಿಟ್ಟರು.